ಗೆಲುವು ಅಂದುಕೊಂಡಿದ್ದು

ನನ್ನ ಅಮ್ಮ ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳುವವಳಲ್ಲ. ನನ್ನ ತವರೂರು ಪುರವರದಿಂದ ಅವಳ ಮೊದಲ ಮಾತು ಯಾವತ್ತೂ ಒಂದೇ: "ಗೆಲ್ವಾಗಿದೀಯೇನವ್ವಾ?" ನಮ್ಮ ಕಡೆ ಗೆಲುವು ಅಂದರೆ ಚುನಾವಣೆಯಲ್ಲಿ ಗೆಲ್ಲುವುದಷ್ಟೇ ಅಲ್ಲ. ಜ್ವರ ಬಿಟ್ಟು ಎದ್ದು ಕೂತ ಮಗು ಗೆಲುವಾಗುತ್ತದೆ. ಬಾಣಂತಿ ಮೈ ತುಂಬಿಕೊಂಡರೆ ಗೆಲುವಾಗುತ್ತಾಳೆ. ಮೇವು ಬಿಟ್ಟಿದ್ದ ಹಸು ಮತ್ತೆ ಬಾಯಾಡಿಸಿದರೆ ಅದೂ ಗೆಲುವಾಯಿತು ಅನ್ನುತ್ತೇವೆ. ಕಾಯಿಲೆಗೆ ಎದುರು ಮಾತು ನಮ್ಮಲ್ಲಿ ಆರೋಗ್ಯ ಅಲ್ಲ, ಗೆಲುವು. ಈ ಒಂದು ಮಾತಿನಿಂದಾಗಿ ನನಗೆ ಏನು ಕಾಯಿಲೆ ಅಂತ ಗೊತ್ತಾಗುವುದೇ ವರ್ಷಗಟ್ಟಲೆ ತಡವಾಯಿತು.

ನಾನು ನಾಗರತ್ನ. ಮಧುಗಿರಿಯಲ್ಲಿ ರವಿಕೆ ಹೊಲಿಯುತ್ತೇನೆ. ನನ್ನ ಗಂಡ ಶಿವಣ್ಣ ಸುಟ್ಟ ಬೋರ್‌ವೆಲ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡುತ್ತಾರೆ. ಮಗಳು ಭವ್ಯ ಈಗ ಡಿಗ್ರಿ ಓದುತ್ತಿದ್ದಾಳೆ. ನನ್ನ ಕಾಯಿಲೆಗೆ ಬೈಪೋಲಾರ್ ಅನ್ನುತ್ತಾರೆ. ಅದು ವಾಸಿಯಾಗಿ ಹೋಗಿಬಿಟ್ಟಿದೆ ಅಂತ ಹೇಳಲಾರೆ. ಮನೆಯಲ್ಲಿ ಅದಕ್ಕೂ ಒಂದು ಮೂಲೆ ಕೊಟ್ಟು ಇಟ್ಟುಕೊಂಡಿದ್ದೇವೆ.

ಚಿಕ್ಕಂದಿನಲ್ಲಿ ನಾನು ನಗುವುದಕ್ಕೆ ಹೆಸರಾದವಳು. ಮುಂಗಾರಿಗೆ ಮುಂಚೆ ಪುರವರದ ನಮ್ಮ ಮನೆ ಜಗುಲಿಯ ಮೇಲೆ ಬಿತ್ತನೆ ಕಡಲೆಕಾಯಿ ಸುಲಿಯುವ ಕೆಲಸ ನಡೆಯುತ್ತಿತ್ತು. ಬಿತ್ತನೆಯ ಬೀಜವನ್ನು ಮಿಷನ್ನಿಗೆ ಹಾಕುವಂತಿಲ್ಲ, ಮೇಲಿನ ಕೆಂಪು ಸಿಪ್ಪೆ ಕಿತ್ತು ಬಂದರೆ ಮೊಳೆಯುವುದಿಲ್ಲ. ಹಾಗಾಗಿ ಬೀದಿಯ ಹೆಂಗಸರೆಲ್ಲ ಸುತ್ತ ಕೂತು ಕೈಯಲ್ಲೇ ಸುಲಿಯುತ್ತಿದ್ದರು. ಆ ಕೂಟದಲ್ಲಿ ನಾನು ಸುಲಿಯುತ್ತಿದ್ದದ್ದು ಕಡಿಮೆ, ತಿನ್ನುತ್ತಿದ್ದದ್ದು ಜಾಸ್ತಿ, ಊರಿನವರ ಅಣಕ ಮಾಡುತ್ತಿದ್ದದ್ದು ಇನ್ನೂ ಜಾಸ್ತಿ. ಮೂಗಿನಲ್ಲಿ ಮಾತಾಡುವ ಬಸ್ ಕಂಡಕ್ಟರು, ಸೂಜಿ ಹಿಡಿದುಕೊಂಡು ಹಸುವಿಗೆ ಹೆದರಿ ನಿಲ್ಲುವ ದನದ ಡಾಕ್ಟರು, ಮೈಕು ಸಿಕ್ಕರೆ ಬಿಡದ ಹೆಡ್‌ಮಾಸ್ಟರು, ಯಾರನ್ನೂ ಬಿಡುತ್ತಿರಲಿಲ್ಲ. ಎಲ್ಲರನ್ನೂ ನಗಿಸಿ ಕೊನೆಗೆ ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ. ನನ್ನ ನಗು ಕೆರೆ ಏರಿಯವರೆಗೂ ಕೇಳುತ್ತಿತ್ತಂತೆ. ಅಮ್ಮ ಗದರುತ್ತಿದ್ದಳು: "ಹೆಣ್ಣೈಕ್ಳು ಇಂಗೆ ಕಿಸುದ್ರೆ ಯಾವನ್ ಕಟ್ಕೊಂತಾನೆ ನಿನ್ನ?" ಒಳಗಿನಿಂದ ಅಪ್ಪನ ದನಿ ಬರುತ್ತಿತ್ತು: "ನಗ್ಲಿ ಬುಡೇ." ಅಪ್ಪ ಕಡಿಮೆ ಮಾತಿನ ಮನುಷ್ಯ. ಅವರ ಬಾಯಿಂದ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದೇ ಇರಬೇಕು.

ಕಟ್ಟಿಕೊಂಡವರು ಶಿವಣ್ಣ. ಮಧುಗಿರಿಗೆ ಬಂದ ಮೇಲೆ ಹೊಲಿಗೆ ಕಲಿತೆ, ಬೆಟ್ಟದ ಬುಡದ ಬೀದಿಯಲ್ಲಿ ಒಂದು ಚಿಕ್ಕ ಅಂಗಡಿ ಮಾಡಿದೆ. ನಮ್ಮ ಕಸುಬಿನಲ್ಲಿ ಟೇಪು ಹಿಡಿಯುವುದು ಕಡಿಮೆ. ಗಿರಾಕಿಗಳು ತಮಗೆ ಚೆನ್ನಾಗಿ ಕೂರುವ ಹಳೆಯ ರವಿಕೆಯೊಂದನ್ನು ತಂದುಕೊಡುತ್ತಾರೆ. ಅದಕ್ಕೆ ಅಳತೆ ರವಿಕೆ ಅನ್ನುತ್ತೇವೆ. ಅದು ಸರಿಯಿದ್ದರೆ ಹೊಸದೂ ಸರಿಯಾಗುತ್ತದೆ. ಅದೇ ತಪ್ಪಿದ್ದರೆ ಎಂಥ ಒಳ್ಳೆಯ ಕೈಯೂ ಕೆಟ್ಟ ರವಿಕೆಯನ್ನೇ ಹೊಲಿಯುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿಟ್ಟೆ.

ಅಪ್ಪ ತೀರಿಕೊಂಡ ವರ್ಷದ ದಸರಾ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ದಿನಗಳ ಬಿಸಿಲೇ ಬೇರೆ ಬಣ್ಣದ್ದಾಗಿತ್ತು ಅನ್ನಿಸುತ್ತದೆ. ಬೆಳಕು ಹರಿಯುವ ಮೊದಲೇ ಎದ್ದು ಕೋಟೆಯ ಬೆಟ್ಟವನ್ನು ಒಂದಷ್ಟು ದೂರ ಹತ್ತಿ, ಕೆಳಗೆ ಊರು ಕಣ್ಣುಬಿಡುವುದನ್ನು ನೋಡಿ, ಮನೆಯವರು ಏಳುವ ಹೊತ್ತಿಗೆ ಇಳಿದು ಬಂದು ಕಾಫಿ ಕಾಸುತ್ತಿದ್ದೆ. ಅಂಗಡಿಯ ಗೋಡೆಗೆ ನಾನೇ ನಿಂಬೆಹಣ್ಣಿನ ಹಳದಿ ಬಣ್ಣ ಬಳಿದೆ. ರವಿಕೆಯ ಬೆನ್ನಿಗೆ ನವಿಲು, ತೋಳಿಗೆ ಕಿಟಕಿ, ನನ್ನ ತಲೆಯಲ್ಲಿ ಹೊಳೆಯದ ವಿನ್ಯಾಸವೇ ಇರಲಿಲ್ಲ. ಲೈನಿಂಗ್ ಬಟ್ಟೆ ತರಲು ಶಿರಾಕ್ಕೆ ಹೋದರೆ ಗೆಳತಿ ಶಮೀಮಳ ಅಂಗಡಿಯಲ್ಲಿದ್ದ ಅರ್ಧ ಬಟ್ಟೆಯನ್ನೇ ಹೊತ್ತುಕೊಂಡು ಬರುತ್ತಿದ್ದೆ. ಶಮೀಮ್ ಮತ್ತು ನಾನು ಒಂದೇ ಟೀಚರ ಹತ್ತಿರ ಹೊಲಿಗೆ ಕಲಿತವರು. ಬೀದಿಯವರನ್ನೆಲ್ಲ ಊಟಕ್ಕೆ ಕರೆದೆ, ಎಲ್ಲರನ್ನೂ ನಗಿಸಿದೆ. ನಿದ್ದೆ ಬರುತ್ತಿರಲಿಲ್ಲ, ಬೇಕು ಅಂತಲೂ ಅನ್ನಿಸುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಅಂಥ ಸುಖವನ್ನು ನಾನು ಬೇರೆ ಯಾವಾಗಲೂ ಪಟ್ಟಿಲ್ಲ. ಅಮ್ಮ ಬಂದು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಪ್ಪನ್ ಕೊರಗಲ್ಲಿ ಎಲ್ ಹೋಯ್ತಾಳೋ ಅಂದ್ಕೊಂಡಿದ್ದೆ. ಗೆಲ್ವಾಗ್ಬುಟ್ಲು ನನ್ ಮಗ್ಳು" ಅಂದಳು.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಕತ್ತರಿ ಭಾರವಾಯಿತು. ಯಾಕೆ ಅಂತ ಕೇಳಿದರೆ ಹೇಳಲು ಏನೂ ಇರಲಿಲ್ಲ. ಗಿರಾಕಿಗಳು ಬಂದರೆ ಷಟರ್ ಅರ್ಧ ಇಳಿಸಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚೂರು ಬಟ್ಟೆಗಳ ಮೇಲೆ ಮುದುಡಿ ಮಲಗುತ್ತಿದ್ದೆ. ಹೈಸ್ಕೂಲಿನಲ್ಲಿದ್ದ ಭವ್ಯ ಶಾಲೆಯಿಂದ ಬಂದು ನನ್ನ ತಲೆ ಬಾಚುತ್ತಿದ್ದಳು. ಆಗಲೂ ಹಳದಿ ಗೋಡೆಗೆ ಬೆನ್ನು ತಿರುಗಿಸಿಯೇ ಕೂರುತ್ತಿದ್ದೆ. ಊರಿನವರ ಕಣ್ಣು ತಾಕಿದೆ ಅಂತ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ಅಂದರೆ ದೃಷ್ಟಿ ಬಲವಾಗಿದೆ ಅಂತ ಅರ್ಥವಂತೆ. "ಮಂಕು ಬಡ್ದೈತೆ ಮಗೀಗೆ" ಅಂದಳು. ಹೀಗೆ ನಮ್ಮ ಮನೆಯಲ್ಲಿ ನನ್ನ ಬಾಳಿಗೆ ಎರಡೇ ಮಾತಾದವು. ಮಂಕು ಬಂದರೆ ಎಲ್ಲರಿಗೂ ಆತಂಕ. ಗೆಲುವು ಬಂದರೆ ಎಲ್ಲರಿಗೂ ನೆಮ್ಮದಿ. ಕೆಲವು ವರ್ಷ ಇದೇ ಸುತ್ತು ನಡೆಯಿತು.

ಮಂಕು ತೀರಾ ಗಟ್ಟಿಯಾಗಿ, ಬದುಕಿರುವುದೇ ಬೇಡ ಅಂತ ನಾನು ಬಾಯಿಬಿಟ್ಟು ಹೇಳಿದ ದಿನ ಶಿವಣ್ಣ ಅಂಗಡಿಗೆ ಬೀಗ ಹಾಕಿ ನನ್ನನ್ನೂ ಅಮ್ಮನನ್ನೂ ತುಮಕೂರಿಗೆ ಕರೆದುಕೊಂಡು ಹೋದರು. ಕೊರಟಗೆರೆಯಲ್ಲಿ ಬಸ್ ನಿಂತಾಗ ಶಿವಣ್ಣ ಇಳಿದು ಹೋಗಿ, ಸೌತೆಕಾಯಿಗೆ ಖಾರ ಹಚ್ಚಿಸಿಕೊಂಡು ಬಂದು ನನ್ನ ಕೈಗೆ ಕೊಟ್ಟರು. ಚಿಕ್ಕಂದಿನಿಂದ ನನಗೆ ಇಷ್ಟ ಅಂತ ಅವರಿಗೆ ಗೊತ್ತು. ತಿನ್ನಲಿಲ್ಲ, ತುಮಕೂರಿನವರೆಗೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. "ಇವರು ಚೆನ್ನಾಗಿದ್ದದ್ದು ಯಾವಾಗ? ಆಗ ಹೇಗಿದ್ದರು?" ಅಮ್ಮ ಕುರ್ಚಿಯಲ್ಲಿ ಮುಂದೆ ಬಾಗಿದಳು. "ದಸರಾದಾಗ ನೋಡ್ಬೇಕಿತ್ತು ಸ್ವಾಮಿ. ಎಷ್ಟ್ ಗೆಲ್ವಾಗಿದ್ಲು ಅಂತೀರಾ! ಬೆಟ್ಟ ಹತ್ತೋಳು, ಮಾತಾಡೋಳು, ನಗೋಳು. ಅಂಗೆ ಮಾಡ್ಬುಡಿ, ಇನ್ನೇನೂ ಬ್ಯಾಡ." ಶಿವಣ್ಣ ಹೌದು ಅಂತ ತಲೆ ಆಡಿಸಿದರು. ನಾನೂ ಆಡಿಸಿದೆ. ನಿದ್ದೆ ಇರಲಿಲ್ಲ ಅನ್ನುವುದನ್ನು ಮೂವರಲ್ಲಿ ಒಬ್ಬರೂ ಹೇಳಲಿಲ್ಲ, ಅದೊಂದು ಹೇಳುವ ವಿಷಯ ಅಂತಲೇ ತಿಳಿದಿರಲಿಲ್ಲ. ಡಾಕ್ಟರಿಗೆ ನಾವು ತಪ್ಪು ಅಳತೆ ರವಿಕೆ ಕೊಟ್ಟು ಬಂದಿದ್ದೆವು. ಅವರು ಅದಕ್ಕೆ ತಕ್ಕಂತೆ ಮಂಕಿಗೆ ಮಾತ್ರೆ ಬರೆದರು.

ಮಾತ್ರೆ ಕೆಲಸ ಮಾಡಿತು. ಸ್ವಲ್ಪ ಹೆಚ್ಚಾಗಿಯೇ ಮಾಡಿತು. ಕೆಲವೇ ವಾರಗಳಲ್ಲಿ ನಾನು ಮೇಜಿನ ಕೆಳಗಿನಿಂದ ಎದ್ದು ಬಂದೆ, ಆಮೇಲೆ ಕೂರುವುದನ್ನೇ ಬಿಟ್ಟೆ. ಮಗಳು ಗೆಲುವಾದರೆ ಊರ ಮಾರಮ್ಮನಿಗೆ ತಂಬಿಟ್ಟಿನ ಆರತಿ ಅಂತ ಅಮ್ಮ ಹರಕೆ ಹೊತ್ತಿದ್ದಳು. ಅಕ್ಕಿ ಹಿಟ್ಟಿಗೆ ಬೆಲ್ಲ ಕಲಸಿ, ಗುಂಡಗೆ ಕಟ್ಟಿ, ನಡುವೆ ದೀಪ ಹಚ್ಚಿದ ತಟ್ಟೆಯನ್ನು ನನ್ನ ತಲೆಯ ಮೇಲಿಟ್ಟರು. ಪುರವರದ ಬೀದಿಯಲ್ಲಿ ತಮಟೆಯವರಿಗಿಂತ ಮುಂದೆ ನಾನೇ ಹೋಗುತ್ತಿದ್ದೆ. ಹೆಂಗಸರು ಏದುಸಿರುಬಿಡುತ್ತಾ ಹಿಂದೆ ಓಡಿ ಬರುತ್ತಿದ್ದರು. ನನ್ನ ಕಾಯಿಲೆ ಮೈಮೇಲೆ ಪೂರ್ತಿ ಏರಿದ್ದ ವಾರದಲ್ಲಿ ನಾವು ಅದು ವಾಸಿಯಾಯಿತು ಅಂತ ದೇವರಿಗೆ ಆರತಿ ಎತ್ತಿದೆವು. ಮಾರಮ್ಮನಿಗೆ ಗೊತ್ತಿದ್ದಿರಬೇಕು. ಪಾಪ, ಅವಳಾದರೂ ಏನು ಹೇಳಿಯಾಳು.

ಅದರ ಮುಂದಿನ ವಾರ ಅಂಗಡಿಯಲ್ಲಿ ಹೊಲಿದಿಟ್ಟಿದ್ದ ಗಿರಾಕಿಗಳ ರವಿಕೆಗಳನ್ನೆಲ್ಲ ಒಂದು ಗಂಟು ಕಟ್ಟಿಕೊಂಡು ಪಾವಗಡದ ಬಸ್ ಹತ್ತಿದೆ. ಹೆಂಗಸರಿಗೆ ಬಸ್ಸು ಫ್ರೀ, ಆಧಾರ್ ಕಾರ್ಡು ತೋರಿಸಿದರೆ ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತಾರೆ. ನನ್ನಂಥವಳಿಗೆ ಆ ಹೊತ್ತಿನಲ್ಲಿ ಇದಕ್ಕಿಂತ ಇನ್ನೇನು ಬೇಕು? ಹೋಗಿ ಇಳಿದದ್ದು ಪಾವಗಡದ ಕಡೆಯ ಕ್ಯಾತಗಾನಚೆರ್ಲು ಅನ್ನುವ ಹಳ್ಳಿಯಲ್ಲಿ. ಅಲ್ಲಿನವರು ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಕೊಟ್ಟಿದ್ದಾರೆ, ಹೆಂಗಸರಿಗೆ ಹೊಲದ ಕೆಲಸವಿಲ್ಲ, ಹಾಗಾಗಿ ಬಿಸಿಲಿನಿಂದಲೇ ಓಡುವ ಹೊಲಿಗೆ ಮಿಷನ್ನು ತರಿಸಿ ದೊಡ್ಡ ಶಾಲೆ ತೆಗೆಯುತ್ತೇನೆ ಅನ್ನುವುದು ನನ್ನ ಯೋಜನೆ. ಯೋಜನೆ ಈಗಲೂ ಅಷ್ಟೇನೂ ಕೆಟ್ಟದ್ದು ಅನ್ನಿಸುವುದಿಲ್ಲ. ಆದರೆ ನಾನು ಮಟಮಟ ಮಧ್ಯಾಹ್ನ ಬರಿಗಾಲಿನಲ್ಲಿ ನಿಂತು, ಯಾರ ಪರಿಚಯವೂ ಇಲ್ಲದ ಊರಿನಲ್ಲಿ, ಮಧುಗಿರಿಯವರ ಮದುವೆ ರವಿಕೆಗಳನ್ನು ಹೋಗುವ ಬರುವವರಿಗೆಲ್ಲ ಹಂಚುತ್ತಿದ್ದೆ. ಒಬ್ಬೊಬ್ಬರೇ ನಕ್ಕು ಹೋದರು. ಅಂಜಿನಮ್ಮ ಅನ್ನುವ ಒಬ್ಬ ಹೆಂಗಸು ಮಾತ್ರ ನಗದೆ ನನ್ನ ಕೈ ಹಿಡಿದು ತನ್ನ ಮನೆಯ ನೆರಳಿಗೆ ಎಳೆದುಕೊಂಡು ಹೋದಳು.

"ರಾ ಅಮ್ಮಾ, ಇಲ್ ಕೂರ್ಚೋ" ಅಂದಳು. ಆ ಕಡೆಯವರ ಕನ್ನಡದಲ್ಲಿ ಅರ್ಧ ತೆಲುಗು. ನನ್ನ ಯೋಜನೆಯನ್ನೆಲ್ಲ ಕೇಳಿ ಒಂದೇ ಒಂದು ಪ್ರಶ್ನೆ ಹಾಕಿದಳು: "ನಿದ್ರ ಮಾಡಿ ಎಷ್ಟ್ ದಿನ ಆಯ್ತಮ್ಮಾ?"

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಕೇಳದಿದ್ದ ಪ್ರಶ್ನೆ ಅದು. ಬೆರಳು ಮಡಿಸಿ ದಿನ ಎಣಿಸಲು ಹೊರಟೆ, ಲೆಕ್ಕ ತಪ್ಪಿತು. ಅವಳು ಮುದ್ದೆ, ಹುರುಳಿ ಸಾರು ತಂದಿಟ್ಟಳು. ನನ್ನ ಕೈಯಲ್ಲೇ ಭವ್ಯಳಿಗೆ ಫೋನ್ ಮಾಡಿಸಿ ತಾನು ಇಸಿದುಕೊಂಡಳು. ಮರೆಯಲ್ಲಿ ನಿಂತು ಅವಳು ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. "ಭಯಪಡ್ಬೇಡ ಪಾಪಾ. ಮಾ ತಮ್ಮುಡೂ ಇಂಗೇ ಮಾಡ್ತಿದ್ದ. ದೊಡ್ಡಾಸ್ಪತ್ರೆಗೆ ಮನಸ್ಸಿನ್ ಡಾಕ್ಟ್ರು ಬರೋ ದಿನ ಒಂದೈತೆ, ಕೇಳಿ ಕರ್ಕೊಂಡ್ ಹೋಗ್ರಿ. ಇದು ದೆವ್ವ ಕಾದು, ಜಬ್ಬು." ದೆವ್ವ ಅಲ್ಲ, ಕಾಯಿಲೆ ಅಂತ ಅವಳು ಹೇಳಿದ್ದು. ಭವ್ಯ, ಶಿವಣ್ಣ ಕಾರು ಮಾಡಿಕೊಂಡು ಬಂದರು. ನಾನು ಬರುವುದಿಲ್ಲ ಅಂತ ಜಗಳವಾಡಿದೆ. ನನ್ನ ಏಳಿಗೆ ನೋಡಿ ನಿನಗೆ ಹೊಟ್ಟೆಕಿಚ್ಚು ಅಂತ ಮಗಳಿಗೆ ಹೇಳಿದೆ. ಅವಳು ಅಳುತ್ತಿದ್ದಳು, ನಾನು ನಗುತ್ತಿದ್ದೆ.

ಮಧುಗಿರಿಯ ಆಸ್ಪತ್ರೆಗೂ ಮನಸ್ಸಿನ ಡಾಕ್ಟರು ಗೊತ್ತಾದ ದಿನಗಳಲ್ಲಿ ಬರುತ್ತಾರೆ ಅನ್ನುವುದು ಅಷ್ಟು ವರ್ಷ ಅದೇ ಊರಿನಲ್ಲಿದ್ದ ನಮಗೆ ಗೊತ್ತಿರಲಿಲ್ಲ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ ದಿನ ಬಂದಿದ್ದ ಡಾಕ್ಟರು ಹೆಂಗಸು, ಭವ್ಯಳಿಗಿಂತ ಹೆಚ್ಚೆಂದರೆ ಹತ್ತು ವರ್ಷ ದೊಡ್ಡವರು. ಅವರೂ ಅದೇ ಪ್ರಶ್ನೆ ಕೇಳಿದರು, ಚೆನ್ನಾಗಿದ್ದದ್ದು ಯಾವಾಗ ಅಂತ. ಅಮ್ಮ ಬಾಯಿ ತೆರೆದಳು, "ದಸರಾದಾಗ..." ಅನ್ನುವಷ್ಟರಲ್ಲಿ ಭವ್ಯ ಅಡ್ಡ ಬಂದಳು.

"ಇಲ್ಲ ಮೇಡಂ. ಅಜ್ಜಿ ಅದುನ್ನ ಗೆಲುವು ಅಂತಾರೆ, ಅದು ಗೆಲುವಲ್ಲ. ಆವಾಗ ಅಮ್ಮ ನಿದ್ದೇನೇ ಮಾಡಲ್ಲ. ನಗ್ತಾಳೆ, ಆದ್ರೆ ನಮ್ ಜೊತೆ ನಗಲ್ಲ. ನಾನ್ ಏನ್ ಹೇಳಿದ್ರೂ ಕೇಳ್ಸಲ್ಲ ಅವ್ಳಿಗೆ. ಅಮ್ಮ ಮಂಕಾಗಿದ್ದಾಗ್ಲೂ ನಂಗೆ ಇಷ್ಟು ಭಯ ಆಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ನೀವು ಗೆಲುವು ಅನ್ನುವುದೂ ಮಂಕು ಅನ್ನುವುದೂ ಒಂದೇ ಕಾಯಿಲೆಯ ಎರಡು ತುದಿ ಅಂದರು. ಶಿವಣ್ಣ, "ಅಂದ್ರೆ ಮೇಡಂ, ಲೋ ವೋಲ್ಟೇಜಿಗೂ ಮೋಟ್ರು ಸುಡ್ತೈತೆ, ಹೈ ವೋಲ್ಟೇಜಿಗೂ ಸುಡ್ತೈತೆ, ಅಂಗಾ?" ಅಂತ ಕೇಳಿದರು. ಡಾಕ್ಟರು ನಕ್ಕು ಹೌದು ಅಂದರು. ನನಗೆ ಸಿಟ್ಟು ನೆತ್ತಿಗೇರಿತು. "ನಾನೇನ್ ಬೋರ್ ಮೋಟ್ರಾ?" ಅಂತ ಕೂಗಾಡಿದೆ. ಅವತ್ತೇ ನನ್ನನ್ನು ಜಿಲ್ಲಾಸ್ಪತ್ರೆಗೆ ಕಳಿಸಿ ಸೇರಿಸಿದರು. ಕೆಲವು ವಾರ ಅಲ್ಲಿದ್ದೆ. ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು ಶಿವಣ್ಣ ಇದ್ದರು. ನಿದ್ದೆ ಮರಳಿ ಬಂದ ಮೇಲೆ ಒಂದು ಬೆಳಗ್ಗೆ ನಾನು ಅವರನ್ನು ನೋಡಿ, "ಇದೇನ್ರೀ, ಇಷ್ಟ್ ಬೆಳ್ಳಗಾಗೈತೆ ಗಡ್ಡ!" ಅಂದೆನಂತೆ. ಎಷ್ಟೋ ತಿಂಗಳ ಮೇಲೆ ತಮ್ಮನ್ನು ಹೆಂಡತಿ ಕಣ್ಣಿಟ್ಟು ನೋಡಿದ್ದು ಅವತ್ತೇ ಅಂತ ಅವರು ಆಮೇಲೆ ಹೇಳಿದರು.

ಮನೆಗೆ ಬಂದ ಮೇಲಿನ ದಿನಗಳನ್ನು ಚೆನ್ನಾಗಿದ್ದವು ಅಂತ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಕೈ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸಿಕೊಡಲು ಭವ್ಯಳನ್ನು ಕರೆಯಬೇಕಾಗುತ್ತಿತ್ತು. ಬಾಯಿ ಒಣಗುವುದು, ಮೈ ಊದುವುದು, ರಕ್ತ ಪರೀಕ್ಷೆಗೆ ಮತ್ತೆ ಮತ್ತೆ ತೋಳು ಒಡ್ಡುವುದು, ಇವೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ನನಗೆ ನಗು ಬರುತ್ತಿರಲಿಲ್ಲ. ಎಲ್ಲರೂ ನಗುವಾಗ ತುಟಿ ಅಗಲಿಸುತ್ತಿದ್ದೆ, ಒಳಗಿನಿಂದ ಏನೂ ಏಳುತ್ತಿರಲಿಲ್ಲ. ಕಾಯಿಲೆಯ ಜೊತೆಗೆ ಅಪ್ಪ ಕಾಪಾಡಿದ್ದ ಆ ನಗುವನ್ನೂ ಮಾತ್ರೆ ಕಿತ್ತುಕೊಂಡಿತೇ? ಪುರವರದ ಜಗುಲಿಯ ಮೇಲೆ ನಕ್ಕವಳು ನಾನೋ, ಇಲ್ಲಾ ಅವತ್ತಿನಿಂದಲೂ ಅದು ಈ ಕಾಯಿಲೆಯೋ? ಈ ಭಯವೊಂದೇ ನನ್ನನ್ನು ತಿನ್ನುತ್ತಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಮಾತ್ರ ಒಂದು ಸಣ್ಣ ಸಮಾಧಾನ ಸಿಕ್ಕಿತು. ಮೊದಲ ಸಲ ಮಾತ್ರೆಗೆ ಹೋದಾಗ ಕಾರಿಡಾರಿನಲ್ಲಿ ನನ್ನ ಹಳೆಯ ಗಿರಾಕಿ ವಿಮಲಮ್ಮ ಎದುರಾದರು. ನನ್ನನ್ನು ನೋಡಿದ್ದೇ ತಡ ಕೆನ್ನೆಗೆ ಕೈ ಇಟ್ಟುಕೊಂಡು, "ಹಲ್ಲು ಕಣ್ರೀ, ಹಲ್ ತೋರ್ಸಕ್ ಬಂದೆ" ಅಂದರು. ನಾನೂ ಕೆನ್ನೆ ಹಿಡಿದುಕೊಂಡೆ. "ನಂದೂ ಹಲ್ಲೇ." ಆಮೇಲೆ ಇಬ್ಬರೂ ಕೆನ್ನೆ ಹಿಡಿದುಕೊಂಡೇ ನಡೆದು ಮನಸ್ಸಿನ ಡಾಕ್ಟರ ಬಾಗಿಲ ಮುಂದಿನ ಒಂದೇ ಬೆಂಚಿನ ಮೇಲೆ ಕೂತೆವು. ಮುಖ ಮುಖ ನೋಡಿಕೊಂಡೆವು. ಅವರಿಗೆ ನಗು ಬಂತು, ನನಗೆ ಬರಲಿಲ್ಲ, ಆದರೆ ಬರುವ ಹಾಗಾಯಿತು. ಈಗಲೂ ಪೇಟೆಯಲ್ಲಿ ಸಿಕ್ಕರೆ ವಿಮಲಮ್ಮ, "ಹಲ್ ಹೆಂಗೈತೆ?" ಅಂತಲೇ ಕೇಳುವುದು. ಕೇಳಿದವರು ನಮ್ಮಿಬ್ಬರ ಬಾಯಲ್ಲಿ ಒಂದು ಹಲ್ಲೂ ಸರಿಯಿಲ್ಲ ಅಂದುಕೊಂಡಿರಬೇಕು.

ಮತ್ತೆ ದಸರಾ ಬಂತು. ಹಳದಿ ಗೋಡೆಯ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ನನಗೆ ಆ ಹಳೆಯ ದಿನಗಳು ಎಷ್ಟು ನೆನಪಾದವೆಂದರೆ, ಮಾತ್ರೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಶಿರಾದ ಬಸ್ ಹತ್ತಿದೆ. ಶಮೀಮಳಿಗಾದರೂ ಹಳೆಯ ನಾಗೂ ಬೇಕಾಗಿರುತ್ತಾಳೆ ಅಂತ ನನ್ನ ಲೆಕ್ಕ. ಅವಳ ಅಂಗಡಿಯ ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿ ತೋರಿಸಿ, "ಇದನ್ನ ಬುಟ್ಬುಡ್ತೀನಿ ಕಣೇ. ನಾನು ಮೊದ್ಲಿನ್ ತರ ಆಗ್ಬೇಕು" ಅಂದೆ.

ಶಮೀಮ್ ಕೈಯಲ್ಲಿದ್ದ ಬಟ್ಟೆ ಮಡಚಿಟ್ಟಳು. "ಅರೆ ನಾಗೂ, ಮೊದ್ಲಿನ್ ತರ ಅಂದ್ರೆ ಯಾವ್ದು? ನಮ್ ಅಮ್ಮಿ ತೀರ್ಕೊಂಡ್ ವಾರ ನೀನ್ ಬಂದಿದ್ದೆ, ನೆಪ್ಪೈತಾ?"

ನನಗೆ ನೆನಪಿರಲಿಲ್ಲ. ಅವಳ ತಾಯಿ ತೀರಿಕೊಂಡ ಸುದ್ದಿ ನನಗೆ ಎಷ್ಟೋ ದಿನ ಬಿಟ್ಟು ಯಾರೋ ಹೇಳಿದರು ಅಂತಲೇ ನಾನು ಅಂದುಕೊಂಡಿದ್ದೆ.

"ನಾನ್ ಅಳ್ತಾ ಅಮ್ಮಿ ಹೋದ್ರು ಅಂದೆ. ನೀನು ಗುಲಾಬಿ ಲೈನಿಂಗ್ ಐತಾ ಅಂತ ಕೇಳ್ದೆ. ನಗ್ತಾ ಇದ್ದೆ. ನಿನ್ ಕಣ್ ನೋಡಿ ಡರ್ ಆಯ್ತು ನಂಗೆ. ನನ್ ದೋಸ್ತ್ ಎಲ್ ಹೋದ್ಲು ಅಂತ ಅವತ್ತು ಅಮ್ಮಿಗೋಸ್ಕರಾನೂ ಅತ್ತೆ, ನಿಂಗೋಸ್ಕರಾನೂ ಅತ್ತೆ." ಅವಳು ನನ್ನ ಕೈಯಿಂದ ಮಾತ್ರೆ ತೆಗೆದು ಮತ್ತೆ ನನ್ನ ಅಂಗೈಯಲ್ಲೇ ಇಟ್ಟಳು. "ಚುಪ್‌ಚಾಪ್ ಕೂತ್ಕೊ, ಪರ್ವಾಗಿಲ್ಲ. ನಗ್ಬೇಡ. ನನ್ ಮಾತ್ ಕೇಳಿಸ್ಕೊಂತೀಯಲ್ಲ ಈಗ, ಬಸ್, ಅಷ್ಟ್ ಸಾಕು. ಚಾ ತರಿಸ್ತೀನಿ, ನುಂಗು."

ನುಂಗಿದೆ. ಅಲ್ಲೇ ಕೂತು ಅವಳ ಅಮ್ಮಿಗಾಗಿ ಅತ್ತೆ. ತಡವಾದ ಅಳು, ಆದರೂ ಶಮೀಮ್ ಜೊತೆಗೆ ಅತ್ತಳು. ಆ ದಸರಾದ ಸುಖವನ್ನು ಈಗಲೂ ನಾನು ಮರೆತಿಲ್ಲ, ಅದರ ಹಂಬಲ ಬಿಟ್ಟುಹೋಗಿದೆ ಅಂತಲೂ ಹೇಳಲಾರೆ. ಆದರೆ ಆ ಸುಖದಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ ಅನ್ನುವುದು ಶಿರಾದ ಆ ಮೆಟ್ಟಿಲ ಮೇಲೆ ನನಗೆ ತಿಳಿಯಿತು.

ಮುಂದಿನ ಸಲ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಕೈ ನಡುಗುವುದನ್ನು, ಮಾತ್ರೆ ಬಿಡಲು ಹೊರಟದ್ದನ್ನು, ನಗು ಹೋದದ್ದನ್ನು. ಅವರು ಬೈಯಲಿಲ್ಲ. ಮಾತ್ರೆಯ ಪ್ರಮಾಣ ಬದಲಿಸಿದರು, ಒಂದನ್ನು ತೆಗೆದು ಇನ್ನೊಂದು ಕೊಟ್ಟರು. "ನಗು ಕಾಯಿಲೆ ಅಲ್ಲಮ್ಮ. ಯಾವುದು ನಿಮ್ಮ ನಗು, ಯಾವುದು ಅದರ ನಗು ಅಂತ ಗೊತ್ತಾಗೋಕೆ ಸ್ವಲ್ಪ ಕಾಲ ಬೇಕು. ನಿಮಗೂ ಬೇಕು, ಮನೆಯವರಿಗೂ ಬೇಕು" ಅಂದರು. ಕೈ ನಡುಕ ಬರಬರುತ್ತಾ ಕಡಿಮೆಯಾಯಿತು. ಈಗ ದಾರ ನಾನೇ ಪೋಣಿಸುತ್ತೇನೆ, ಒಂದೆರಡು ಸಲ ತಪ್ಪುತ್ತದೆ, ಅಷ್ಟೆ. ಅಂಜಿನಮ್ಮನಿಗೆ ಯುಗಾದಿಗೆ ಒಂದು ರವಿಕೆ ಹೊಲಿದು ಕಳಿಸಿದೆ. ತೋಳು ಬಿಗಿಯಾಯಿತಂತೆ. ಫೋನಿನಲ್ಲಿ ಅದನ್ನು ಹೇಳುವ ಮೊದಲು ಅವಳು ಕೇಳಿದ್ದು, "ನಿದ್ರ ಬರ್ತೈತಾ ಅಮ್ಮಾ?" ಅಂತ. ಇದನ್ನು ಓದುವವರ ಮನೆಯಲ್ಲಿ ಯಾರಾದರೂ ದೊಡ್ಡ ಮಂಕಿನಿಂದ ಎದ್ದು ಇದ್ದಕ್ಕಿದ್ದಂತೆ ಬೆಟ್ಟ ಹತ್ತತೊಡಗಿದರೆ, ಆರತಿ ಎತ್ತುವ ಮೊದಲು ಅವರನ್ನೂ ಇದೊಂದು ಮಾತು ಕೇಳಿ. ಡಾಕ್ಟರ ಮುಂದೆ ಕೂತಾಗ ಅದನ್ನೂ ಸೇರಿಸಿ ಹೇಳಿ.

ಈ ವರ್ಷ ಮುಂಗಾರಿಗೆ ಮುಂಚೆ ಪುರವರಕ್ಕೆ ಹೋಗಿದ್ದೆವು. ನನ್ನ ತಮ್ಮ ಈಗಲೂ ಒಂದಿಷ್ಟು ಕಡಲೆಕಾಯಿ ಹಾಕುತ್ತಾನೆ, ಜಗುಲಿಯ ಮೇಲೆ ಬಿತ್ತನೆ ಬೀಜ ಸುಲಿಯಲು ಅದೇ ಬೀದಿಯ ಹೆಂಗಸರು ಕೂತಿದ್ದರು, ಕೆಲವರಿಗೆ ಹಲ್ಲಿಲ್ಲ, ಕೆಲವರು ಇಲ್ಲವೇ ಇಲ್ಲ. ಅಮ್ಮ, ಭವ್ಯ, ನಾನು ಒಂದು ಮೊರದ ಸುತ್ತ ಕೂತೆವು. ಶಿವಣ್ಣ ಕಂಬಕ್ಕೆ ಒರಗಿ ಫೋನ್ ನೋಡುತ್ತಿದ್ದರು. ಯಾರೋ ಹಳೆಯ ದನದ ಡಾಕ್ಟರ ಸುದ್ದಿ ತೆಗೆದರು. ರಿಟೈರ್ ಆದ ಮೇಲೆ ಅವರು ಸ್ವಂತಕ್ಕೆ ಒಂದು ಹಸು ಕಟ್ಟಿದ್ದಾರಂತೆ, ಹಾಲು ಕರೆಯಲು ಹೆಂಡತಿಯನ್ನು ಮುಂದೆ ಬಿಟ್ಟು ತಾವು ಗೇಟಿನ ಆಚೆ ನಿಲ್ಲುತ್ತಾರಂತೆ. ನಾನು ಏನೂ ಯೋಚಿಸದೆ, ಕೈಯಲ್ಲಿದ್ದ ಕಡಲೆಕಾಯಿಯನ್ನೇ ಸೂಜಿಯ ಹಾಗೆ ಹಿಡಿದು, ಒಂದು ಕಾಲು ಹಿಂದಿಟ್ಟು, ಆ ಹಳೆಯ ಭಂಗಿಯಲ್ಲಿ ನಿಂತೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಆಗ ನನಗೆ ಹೊಟ್ಟೆಯ ಆಳದಿಂದ ನಗು ಎದ್ದಿತು. ತಡೆಯಲಾಗಲಿಲ್ಲ. ಕೆರೆ ಏರಿಗೆ ಕೇಳುವಷ್ಟು ಜೋರಾಗಿ ನಕ್ಕುಬಿಟ್ಟೆ.

ಸುತ್ತಲಿನ ನಗು ನಿಂತುಹೋಯಿತು. ಶಿವಣ್ಣ ಫೋನಿನಿಂದ ತಲೆ ಎತ್ತಿದರು. ತಮ್ಮ ಒಳಗಿನಿಂದ ಓಡಿ ಬಾಗಿಲಿಗೆ ಬಂದ. ಭವ್ಯಳ ಕೈ ನನ್ನ ಮೊಣಕೈ ಹಿಡಿಯಿತು. "ಅಮ್ಮಾ, ರಾತ್ರಿ ನಿದ್ದೆ ಮಾಡಿದ್ಯಾ?" ಅಂತ ಮೆಲ್ಲಗೆ ಕೇಳಿದಳು. ಅವಳ ತಪ್ಪೇನಿಲ್ಲ. ಆದರೂ ಇನ್ನು ಮುಂದೆ ನಾನು ನಕ್ಕಾಗಲೆಲ್ಲ ಹೀಗೆ ಎಲ್ಲರೂ ಬೆಚ್ಚುವುದಾದರೆ ನಗು ತಿರುಗಿ ಬಂದೇನು ಪ್ರಯೋಜನ ಅನ್ನಿಸಿತು. ನಗು ನುಂಗಿಕೊಂಡು ಕೂತೆ. ಕಣ್ಣಲ್ಲಿ ನೀರು ಬಂತು.

ಅಮ್ಮ ಮೊರ ಪಕ್ಕಕ್ಕಿಟ್ಟು ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಪೊರೆ ಬಂದಿರುವ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ ಗಲ್ಲ ಬಿಟ್ಟು, ಒಂದು ಕಡಲೆಕಾಯಿ ಒಡೆದು, ಬೀಜವನ್ನು ಮೊರಕ್ಕೆ ಹಾಕಿದಳು.

"ಏನ್ರಲಾ ಅಂಗ್ ನೋಡ್ತೀರಿ? ಇದು ಗೆಲುವಲ್ಲ ಕಣ್ರಲಾ, ಬರೀ ನಗು" ಅಂದಳು. "ನಗ್ಲಿ ಬುಡ್ರಿ."